ಮುಗಿಯದ ಜಾತ್ರೆಗೆ ಒಂದು ಸೀಟು

ಇಬ್ಬರೂ ಕೊಟ್ಟೂರಿನವರು. ಒಬ್ಬರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬ ಅವರ ಹಳೇ ಶಿಷ್ಯ, ಟೆಂಪೋ ಟ್ರಾವೆಲರ್ ಓಡಿಸುವವ. ಏಪ್ರಿಲ್ ತಿಂಗಳ ಸಂಜೆ, ಮಿರ್ಚಿ ಅಂಗಡಿ. ಪಕ್ಕದ ಬೆಂಚಿನಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದ ನನಗೆ ಎಲ್ಲವೂ ಕೇಳುತ್ತಿತ್ತು. ಅವರೇನೂ ದನಿ ತಗ್ಗಿಸಿ ಮಾತಾಡುತ್ತಿರಲಿಲ್ಲ.

— ನಮಸ್ಕಾರ ಸಾರ್. ನಿಮ್ಮ ಮನೆ ಅಮ್ಮಾರು ಆಗಲೇ ಹೆಸರು ಬರೆಸ್ಯಾರೆ. ನಿಮ್ಮದೊಂದು ಬಾಕಿ ಐತೆ.

— ಎಲ್ಲಿಗೋ?

— ಊಟಿಗೆ. ಸಂಘದ ಹೆಣ್ಮಕ್ಳೆಲ್ಲ ಸೇರಿ ಹೊಂಟಾರೆ. ಜೊತೆಗೊಬ್ಬ ಹಿರೇಮನುಷ್ಯ ಇರ್ಲಿ ಅಂತ ಅಮ್ಮಾರೇ ನನ್ನನ್ನ ನಿಮ್ಮ ಹತ್ರ ಅಟ್ಟಿದ್ದು.

— ಕಾವಲಿಗೆ ಕರೀತಿದಾಳೆ ಅನ್ನು. ಊಟಿಯಲ್ಲಿ ನೋಡೋದೇನಿದೆಯೋ? ಶಾಲೆ ಮಕ್ಕಳನ್ನ ಪ್ರವಾಸಕ್ಕೆ ಕರಕೊಂಡು ಹೋದಾಗ ನೋಡಿದೀನಿ. ದಾರ ಸುತ್ತಿ ಮಾಡಿದ ಹೂವಿನ ತೋಟ. ಮೇಣದ ಗೊಂಬೆ. ಬಾತುಕೋಳಿ ಆಕಾರದ ದೋಣಿ. ಅಷ್ಟೆತ್ತರ ಹತ್ತಿಹೋಗಿ, ಬೆಟ್ಟಕ್ಕೆ ಬೆನ್ನು ಮಾಡಿ, ಟಿಕೆಟ್ ತಗೊಂಡು ಮೇಣದ ಗಾಂಧಿ ಮುಂದೆ ಸಾಲು ನಿಲ್ಲೋದು! ಗಾಂಧೀಜಿಯ ಚಿತಾಭಸ್ಮ ಇಟ್ಟು ಕಟ್ಟಿದ ಸ್ಮಾರಕ ಕೂಡ್ಲಿಗಿಯಲ್ಲೇ ಇದೆ. ನಿನ್ನ ಸಂಘದವರಲ್ಲಿ ಎಷ್ಟು ಜನ ನೋಡಿದಾರೆ?

— ಕೂಡ್ಲಿಗಿ ಅಂದ್ರೆ ನಮ್ಮೋರಿಗೆ ಪಹಣಿ, ಖಾತೆ, ಕೋರ್ಟು ಸಾರ್. ಕೊಟ್ಟೂರು ತಾಲ್ಲೂಕು ಆಗೋ ತನಕ ಅಲ್ಲಿಗೆ ಹೋದೋರೆಲ್ಲ ಕೈಯಾಗೆ ಕಾಗದ ಹಿಡ್ಕೊಂಡೇ ಹೋಗಿದ್ದು. ನೋಡಾಕೆ ಅಂತ ಯಾರು ಹೋಗ್ತಾರೆ?

— ಅದನ್ನೇ ನಾನೂ ಹೇಳೋದು. ಹತ್ತಿರದ್ದು ಕಾಣಲ್ಲ.

— ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ್ರಿ. ನಮ್ಮ ಕೊಟ್ಟೂರೇಶ್ವರನ ತೇರಿಗೆ ಜನ ದಾವಣಗೆರೆಯಿಂದ ನಡ್ಕೊಂಡು ಬರ್ತಾರೆ. ಕಾಲು ಬೊಬ್ಬೆ ಎದ್ದಿರ್ತಾವೆ. ಬಂದೋರು ತೇರು ನೋಡಿ, ಬಾಳೆಹಣ್ಣು ಎಸೆದು ಹಂಗೇ ವಾಪಸ್ ಹೋಗ್ತಾರಾ? ಇಲ್ಲ. ತೊಟ್ಟಿಲು ಹತ್ತಬೇಕು. ಸಾವಿನ ಬಾವಿಯಾಗೆ ಬೈಕ್ ಸುತ್ತೋದು ನೋಡಬೇಕು. ಹುಡುಗಿ ತಲೆ, ಹಾವಿನ ಮೈ ಅಂತ ಒಂದು ಡೇರೆ ಇರ್ತೈತಲ್ಲ, ಸುಳ್ಳು ಅಂತ ಗೊತ್ತಿದ್ರೂ ಒಳಗೆ ಹೋಗಿ ನೋಡಬೇಕು. ಕನ್ನಡಿ ಮನೆಯಾಗೆ ಹೊಟ್ಟೆ ದಪ್ಪ ಮಾಡ್ಕೊಂಡು ನಗಬೇಕು. ರಾತ್ರಿ ಕಂಪನಿ ನಾಟಕ. ನೀವೂ ಹೋಗ್ತಿದ್ರಿ ಸಾರ್, ಡೇರೆ ಹೊರಗೆ ನಾನೇ ನೋಡೀನಿ.

— ನಾಟಕಕ್ಕೆ ಹೋಗ್ತಿದ್ದೆ. ಹಾವಿನ ಹುಡುಗಿ ನೋಡೋಕಲ್ಲ.

— ಆಯ್ತು, ನಾಟಕಕ್ಕೇ. ಊಟಿ ಅಂದ್ರೂ ಅದೇ. ವರ್ಷದ ಹನ್ನೆರಡು ತಿಂಗಳೂ ಡೇರೆ ಕೀಳದ ಜಾತ್ರೆ. ನಮ್ಮ ಜನಕ್ಕೆ ಅಲ್ಲಿ ಹೆಂಗಿರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಇಳಿದ ತಕ್ಷಣ ಗೊತ್ತಾಗಿಬಿಡ್ತೈತೆ.

— ಜಾತ್ರೆ ಅಂದ್ರೆ ನಡುಮಧ್ಯ ಒಬ್ಬ ದೇವರಿರ್ತಾನಪ್ಪ. ಸುತ್ತ ಉಳಿದದ್ದೆಲ್ಲ ಸೇರಿಕೊಳ್ಳುತ್ತೆ. ಊಟಿಯಲ್ಲಿ ಯಾವ ದೇವರು?

— ಚಳಿ ಸಾರ್! ನಲವತ್ತು ಡಿಗ್ರಿ ಬಿಸಿಲಾಗೆ ಫ್ಯಾನು ಬಿಸಿಗಾಳಿ ಬಿಡೋ ಊರಿಂದ ಹೋಗಿ, ಗಾಡಿ ಬಾಗಿಲು ತೆಗೆದ ಕೂಡ್ಲೇ ಮೈ ಜುಂ ಅಂತೈತಲ್ಲ, ಆಗ ನಮ್ಮ ಹೆಣ್ಮಕ್ಳ ಮುಖ ನೋಡಬೇಕು. ದರ್ಶನ ಆದಂಗೇ ಇರ್ತೈತೆ. ಬಾಯಿಂದ ಹೊಗೆ ಬರೋದನ್ನ ಒಬ್ಬರಿಗೊಬ್ಬರು ತೋರಿಸ್ಕೊಂಡು ನಗ್ತಾರೆ. ಅದಕ್ಕೆ ಟಿಕೆಟ್ಟೂ ಇಲ್ಲ.

(ಇಲ್ಲಿ ಮೇಷ್ಟ್ರು ನಕ್ಕರು. ಇನ್ನೊಂದು ಪ್ಲೇಟ್ ಮಿರ್ಚಿಗೆ ಹೇಳಿದ್ದು ಅವರೇ. ಚರಿತ್ರೆ ಮೇಷ್ಟ್ರುಗಳು ಸೋಲುವಾಗ ಮೊದಲು ತಿಂಡಿ ತರಿಸುತ್ತಾರೆ, ಆಮೇಲೆ ಇಸವಿ ತೆಗೆಯುತ್ತಾರೆ.)

— ಹೆಂಗೆ ಕರಕೊಂಡು ಹೋಗ್ತೀಯ?

— ರಾತ್ರಿ ಉಂಡು ಇಲ್ಲಿಂದ ಬಿಡೋದು. ಚಿತ್ರದುರ್ಗ, ಹಿರಿಯೂರು, ಮೈಸೂರು. ಗುಂಡ್ಲುಪೇಟೆ ಮುಟ್ಟೋ ಹೊತ್ತಿಗೆ ಬೆಳಗಿನ ಜಾವ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಹಾಕಿದ್ರೆ ತೆಗೆಯೋದು ಬೆಳಿಗ್ಗೆ 6ಕ್ಕೆ. ಕಾಡಿನ ರಾತ್ರಿ ಪ್ರಾಣಿಗಳಿಗೆ. ಅಲ್ಲಿ ಸಾಲು ನಿಂತಿರ್ತಾವೆ ಸಾರ್, ಕೇರಳಕ್ಕೆ ತರಕಾರಿ ಒಯ್ಯೋ ಲಾರಿ, ಮದುವೆ ಗಾಡಿ, ನಮ್ಮಂಥ ಟೂರಿಸ್ಟು. ಡ್ರೈವರುಗಳೆಲ್ಲ ಸ್ಟಿಯರಿಂಗ್ ಮೇಲೆ ತಲೆ ಇಟ್ಟಿರ್ತೀವಿ. ಹೆಣ್ಮಕ್ಳು ಮಾತ್ರ ಮಲಗಲ್ಲ. ಇಳಿದು ಸೆರಗನ್ನ ಕಿವಿ ಮುಚ್ಚೋ ಹಂಗೆ ಸುತ್ತಿಕೊಂಡು, ಬುತ್ತಿ ಗಂಟು ಬಿಚ್ಚಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಪಕ್ಕದ ಲಾರಿ ಕ್ಲೀನರ್ ಹುಡುಗನಿಗೂ ಒಂದು ರೊಟ್ಟಿ. ಅವನು ಮಲಯಾಳಿ, ಇವರದು ಕೊಟ್ಟೂರು ಕನ್ನಡ, ಆದ್ರೂ ಅವನ ತಾಯಿಗೆ ಏನು ಕಾಯಿಲೆ ಅಂತ ಹತ್ತು ನಿಮಿಷದಾಗೆ ಕೇಳಿ ತಿಳ್ಕೊಂಡಿರ್ತಾರೆ. ಗೇಟು ತೆಗೀತಿದ್ದಂಗೆ ಕಾಡು. ಆನೆ ಕಂಡ್ರೆ ಎಲ್ಲಾರೂ ಕೈ ಮುಗಿಯೋದೇ. ಗೂಡಲೂರು ದಾಟಿ ಒಂಬತ್ತನೇ ಮೈಲಿ ಅಂತ ಬರ್ತೈತೆ, ಸಿನಿಮಾ ಹಾಡು ತೆಗೀತಿದ್ದ ಹುಲ್ಲಿನ ದಿಬ್ಬ. ಮೊಮ್ಮಕ್ಕಳನ್ನ ಕಂಡ ಮುದುಕಿ ಆ ಇಳಿಜಾರಿನಾಗೆ ಹೀರೋಯಿನ್ ಓಡಿದಂಗೆ ಓಡಿದ್ದು ನಾನು ನೋಡೀನಿ.

— ಬಿದ್ದಿದ್ದರೆ?

— ಬಿದ್ಲು. ಎದ್ದು ಮತ್ತೆ ಮೇಲೆ ಹೋಗಿ ಮತ್ತೆ ಓಡಿದ್ಲು.

— ಸರಿ, ಅದು ಹುಲ್ಲು, ಇಳಿಜಾರು, ಗಾಳಿ. ಅದಕ್ಕೆ ನನ್ನ ತಕರಾರಿಲ್ಲ. ದಾರದ ಹೂವಿಗೆ ಏನು ಹೇಳ್ತೀಯ? ಹೇಳು ನೋಡೋಣ. ಹೂವಿನಹಡಗಲಿಯ ಪಕ್ಕದ ತಾಲ್ಲೂಕಿನವರು ನಾವು. ಭೌಗೋಳಿಕ ಸೂಚಿ ಪಡೆದ ಮಲ್ಲಿಗೆ ಬೆಳೆಯೋ ಸೀಮೆ. ಅಲ್ಲಿಂದ ಬಂದ ಹೆಂಗಸರು ನೂಲಿನ ಹೂ ನೋಡೋಕೆ ದುಡ್ಡು ಕೊಡಬೇಕಾ?

— ಅದನ್ನೇ ಹೇಳಬೇಕು ಅಂತಿದ್ದೆ. ಒಂದ್ಸಲ ಹಡಗಲಿ ಕಡೆಯ ಗುಂಪು ಕರಕೊಂಡು ಹೋಗಿದ್ದೆ. ಅದರಾಗೆ ಒಬ್ಬಾಕಿ ಅಜ್ಜಿ. ಸಣ್ಣಾಕಿ ಇದ್ದಾಗಿಂದ ಮಲ್ಲಿಗೆ ತೋಟದಾಗೆ ಮೊಗ್ಗು ಬಿಡಿಸಿದ ಕೈ. ಆ ದಾರದ ತೋಟ ಸೂಜಿ ಮುಟ್ಟಿಸದಂಗೆ ಕೈಯಾಗೇ ಸುತ್ತಿದ್ದು, ಐವತ್ತು ಹೆಣ್ಮಕ್ಳು ಹನ್ನೆರಡು ವರ್ಷ ಕೂತು ಮಾಡಿದ್ದು ಅಂತ ಅಲ್ಲಿಯೋರು ಹೇಳ್ತಾರೆ. ಉಳಿದೋರೆಲ್ಲ ಒಂದು ಸುತ್ತು ಹಾಕಿ ಹೊರಗೆ ಬಂದ್ರು, ಅಜ್ಜಿ ಬರಲಿಲ್ಲ. ಹೋಗಿ ನೋಡಿದ್ರೆ ಒಂದು ಗಿಡದ ಮುಂದೆ ನಿಂತು ದಳ ಎಣಿಸ್ತಾಳೆ. ಎಲೆ ಮ್ಯಾಲಿನ ನರ ನೋಡ್ತಾಳೆ. ಯಾಕವ್ವ, ಹೊತ್ತಾತು ಬಾ ಅಂದೆ. ‘ಇದನ್ನ ಮಾರಾಕೆ ಅವಸರ ಇಲ್ಲ ನೋಡೋ’ ಅಂದ್ಲು.

— ಹೂಂ.

— ನಿಮಗೆ ಗೊತ್ತಲ್ಲ, ಆ ಮೊಗ್ಗು ಬೆಳಕು ಹರಿಯೋದ್ರಾಗೆ ಬಿಡಿಸಿ ಬಸ್ಸಿಗೆ ಹಾಕಬೇಕು. ಬಸ್ಸು ತಪ್ಪಿತೋ ದಿನದ ದುಡಿಮೆ ಹೋಯ್ತು. ಮೊಗ್ಗು ಅರಳಿಬಿಟ್ರೆ ರೇಟು ಅರ್ಧ. ಜೀವನಪೂರ್ತಿ ಬಸ್ಸಿನ ಹಾರನ್ನಿಗೆ ಹೆದರಿದ ಅಜ್ಜಿ ಆಕಿ. ಬಾಡದೇ ಇರೋ ಹೂವಿನ ಮುಂದೆ ಅರ್ಧ ತಾಸು ನಿಂತಿದ್ಲು ಸಾರ್. ನೀವು ನಗ್ತೀರಿ. ಆಕಿ ನಗಲಿಲ್ಲ.

— ನಾನೂ ನಗ್ತಿಲ್ಲ. ಆದರೆ ಒಬ್ಬ ಅಜ್ಜಿಯನ್ನ ಮುಂದಿಟ್ಟುಕೊಂಡು ಇಡೀ ಊಟಿಯನ್ನ ಸಮರ್ಥಿಸಬೇಡ. ಆ ಊರು ಯಾಕೆ ಹುಟ್ಟಿತು ಗೊತ್ತಾ? ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್‌ಗೆ ಕೆಳಗಿನ ಸೆಕೆ ತಡೆಯೋಕಾಗಲಿಲ್ಲ. ತೋಡರು ಎಮ್ಮೆ ಮೇಯಿಸುತ್ತಿದ್ದ ಹುಲ್ಲುಗಾವಲಲ್ಲಿ 1822ರ ಸುಮಾರಿಗೆ ಕಲ್ಲಿನ ಮನೆ ಕಟ್ಟೋಕೆ ಶುರು ಮಾಡಿದ. ಸ್ಟೋನ್ ಹೌಸ್ ಅಂತಲೇ ಹೆಸರು. ನಿನ್ನ ಬಾತುಕೋಳಿ ದೋಣಿ ತೇಲುತ್ತಲ್ಲ, ಆ ಕೆರೆ ಕಟ್ಟಿಸಿದ್ದೂ ಅವನೇ. 1848ರಲ್ಲಿ ಸಸ್ಯೋದ್ಯಾನಕ್ಕೆ ಕೈ ಹಾಕಿದರು. ರೈಲು 1899ಕ್ಕೆ ಕೂನೂರು ಮುಟ್ಟಿತು, 1908ಕ್ಕೆ ಊಟಿ. ಇಷ್ಟು ಖರ್ಚು ಯಾಕೆ? ಸರ್ಕಾರವೇ ಮೇಲೆ ಹತ್ತುತ್ತಿತ್ತು, ಅದಕ್ಕೆ. 1870ರ ಸುಮಾರಿನಿಂದ ಬೇಸಿಗೆ ಬಂದರೆ ಮದ್ರಾಸ್ ಸರ್ಕಾರ ಕಡತ, ಗುಮಾಸ್ತರು, ಜವಾನರು ಸಮೇತ ಊಟಿಗೆ.

— ಅದು ಮದ್ರಾಸಿನೋರ ಸಂಗತಿ. ನಮಗೇನು?

— ಅಲ್ಲೇ ನೋಡು ನೀನು ನನ್ನ ಕ್ಲಾಸಿನಲ್ಲಿ ನಿದ್ದೆ ಮಾಡ್ತಿದ್ದದ್ದು! 1953ರ ಅಕ್ಟೋಬರ್ 1ರ ತನಕ ನಾವೇ ಮದ್ರಾಸಿನವರು. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ಇದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಬಳ್ಳಾರಿ ಜಿಲ್ಲೆಯ ತಾಲ್ಲೂಕು, ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಹರಪನಹಳ್ಳಿಯ ರೈತನೊಬ್ಬ ಕಂದಾಯ ಮಾಫಿಗೆ ಬರೆದ ಅರ್ಜಿ ಸರ್ಕಾರದ ತನಕ ಮುಟ್ಟಬೇಕು ಅಂದರೆ, ಏಪ್ರಿಲ್ ಮೇನಲ್ಲಿ ಅದು ನೀಲಗಿರಿ ಹತ್ತಬೇಕಿತ್ತು. ನಮ್ಮ ಜನಕ್ಕಿಂತ ಮೊದಲು ಊಟಿ ನೋಡಿದ್ದು ನಮ್ಮ ಕಾಗದ.

— ಅರೆ! ಇದು ಗೊತ್ತಿರಲಿಲ್ಲ ಸಾರ್.

— ಇನ್ನೂ ಕೇಳು. 1876ರಿಂದ 78ರ ತನಕ ಧಾತು ಬರ. ಪ್ರಾಂತ್ಯದಲ್ಲಿ ಅತಿ ಹೆಚ್ಚು ಏಟು ತಿಂದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿ ಒಂದು. ಆಗಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್. ಮದ್ರಾಸಿನಲ್ಲಿ ಬರಗಾಲದ ಕೂಲಿಯವರ ಕೈಲಿ ತೋಡಿಸಿ ಮುಗಿಸಿದ ಕಾಲುವೆಗೆ ಅವನದೇ ಹೆಸರು. ಊಟಿಯ ರಾಜಭವನ ಕಟ್ಟಿಸಿದವನೂ ಅವನೇ. ಇದೆಲ್ಲ ಗೊತ್ತಿದ್ದೂ ನಾನು ಆ ಗುಡ್ಡದ ಮೇಲೆ ಐಸ್‌ಕ್ರೀಮ್ ತಿನ್ನಬೇಕಾ?

— ತಿನ್ನಬೇಕು ಸಾರ್. ನಮ್ಮ ಅರ್ಜಿ ಹೋಗಿ ಕೂತಿದ್ದ ಊರಾಗೆ ನಾವು ಟಿಕೆಟ್ ತಗೊಂಡು ಕೂತ್ಕೊಂಡ್ರೆ ತಪ್ಪೇನು? ಹೋದ ವರ್ಷ ಒಂದು ತಾಂಡಾದ ಹೆಣ್ಮಕ್ಳು ಬಂದಿದ್ರು. ಕಬ್ಬು ಕಡಿಯಾಕೆ ವರ್ಷಾ ಗುಳೆ ಹೋಗೋರು. ಅವರಿಗೆ ದೂರದ ಊರು ಅಂದ್ರೆ ಕೂಲಿ ಊರು. ಕೂಲಿ ಇಲ್ಲದ ದೂರದ ಊರಿಗೆ ಅವರು ಹೋಗಿದ್ದು ಅದೇ ಮೊದಲು. ಚೀಟಿ ಎತ್ತಿದ ದುಡ್ಡು. ಬಕಿಂಗ್ ಯಾರೋ ಇದ್ನಲ್ಲ, ಅವನ ಹೆಸರು ಹೇಳಿ ಅವರನ್ನ ನಿಲ್ಲಿಸಾಕೆ ಆಗ್ತೈತಾ?

— ನಿಲ್ಲಿಸು ಅಂತ ನಾನು ಹೇಳಿದ್ನಾ? ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ನಮ್ಮ ಪಕ್ಕದಲ್ಲೇ ಒಂದು ಊಟಿ ಇತ್ತು.

— ಎಲ್ಲಿ?

— ಸಂಡೂರಿನ ರಾಮಗಡ. ಇಂಗ್ಲಿಷರ ದಾಖಲೆಯಲ್ಲಿ ರಾಮನದುರ್ಗ. 3,000 ಅಡಿಗೂ ಎತ್ತರದ ಬಯಲು. ಬಳ್ಳಾರಿಯಲ್ಲಿ ದೊಡ್ಡ ದಂಡು ಇತ್ತಲ್ಲ, ಬಿಳೀ ಸಿಪಾಯಿಗಳು ಬಿಸಿಲಿಗೆ, ಜ್ವರಕ್ಕೆ ಉದುರುತ್ತಿದ್ದರು. ಸಂಡೂರಿನ ರಾಜನಿಂದ ಜಾಗ ಪಡೆದು 1846ರಲ್ಲಿ ಅಲ್ಲಿ ಆರೋಗ್ಯಧಾಮ ಮಾಡಿದರು. ಬ್ಯಾರಕ್ಕು, ಬಂಗಲೆ ಎಲ್ಲ ಎದ್ದವು. ಬೇಸಿಗೆಯಲ್ಲಿ ಬಳ್ಳಾರಿ ಕಡೆಯ ಸಾಹೇಬರು ಹತ್ತಿ ಹೋಗಿ ಕೂರುತ್ತಿದ್ದರು. ಮೋಡ ಬಾಗಿಲಿಗೆ ಬರೋ ಊರು. ಈಗ ಅದರ ಹೆಸರು ಹೇಳಿದರೆ ನಿನಗೆ ಏನು ನೆನಪಾಗುತ್ತೆ?

— ಅದಿರು.

— ಅಷ್ಟೇ.

— ರಾಮಗಡ ನನಗೆ ನಿಮಗಿಂತ ಚೆನ್ನಾಗಿ ಗೊತ್ತು ಸಾರ್. ಟೂರಿಸ್ಟ್ ಗಾಡಿಗಿಂತ ಮೊದ್ಲು ನಾನು ಮೈನ್ಸ್ ಲಾರಿ ಓಡಿಸ್ತಿದ್ದೆ. ಆ ಕಡೆಯ ಅದಿರು ತುಂಬಿಕೊಂಡು ಬೇಲೆಕೇರಿ ಬಂದರಿನ ತನಕ. ಗುಡ್ಡ ಹತ್ತೋ ದಾರೀಲಿ ಗಿಡ ಎಲ್ಲ ಕೆಂಪು, ನಾಯಿ ಕೆಂಪು, ಹಾದಿ ಬದಿ ಹೋಟೆಲಿನ ಇಡ್ಲಿ ಕೆಂಪು. ಮಳೆ ಬಿದ್ದ ಮಾರನೇ ದಿನ ಮಾತ್ರ ಗುಡ್ಡ ಹಸಿರು ಇತ್ತು ಅನ್ನೋದು ಗೊತ್ತಾಗ್ತಿತ್ತು. ಒಂದೊಂದ್ಸಲ ಲೋಡಿಗೆ ರಾತ್ರಿಯೆಲ್ಲ ಕಾಯ್ತಾ ಮಲಗಿರ್ತಿದ್ವಿ, ಏಪ್ರಿಲ್ಲಾಗೂ ಕಂಬಳಿ ಬೇಕಾಗ್ತಿತ್ತು. ಇಷ್ಟು ತಂಪು ಯಾಕೆ ಅಂತ ಆಗ ಯೋಚನೆ ಮಾಡಿರಲಿಲ್ಲ. ಟ್ರಿಪ್ಪಿಗೆ ಎಷ್ಟು ಅನ್ನೋದೊಂದೇ ತಲೆಯಾಗಿದ್ದಿದ್ದು. 2011ರ ಜುಲೈನಾಗೆ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತಲ್ಲ, ಕಂತು ಕಟ್ಟಾಕೆ ಆಗಲಿಲ್ಲ, ಲಾರಿ ಹೋಯ್ತು. ಆಮೇಲೆ ಇದು. ಮೊದಲು ಗುಡ್ಡಾನ ಕೆಳಗೆ ಇಳಿಸ್ತಿದ್ದೆ, ಈಗ ಜನಾನ ಗುಡ್ಡ ಹತ್ತಿಸ್ತೀನಿ.

— ಅದಿರೊಂದೇ ರಾಮಗಡವನ್ನ ಕೊಂದದ್ದಲ್ಲ, ಅದಕ್ಕೂ ಮೊದಲೇ ಬಡವಾಗಿತ್ತು. ಕಾಯಿಲೆ ಸಿಪಾಯಿ ಬಿಟ್ಟರೆ ಅಲ್ಲಿ ಯಾರಿಗೂ ಕೆಲಸ ಇರಲಿಲ್ಲ. ದಂಡು ಕರಗಿತು, ಬಂಗಲೆ ಬಿತ್ತು. ಊಟಿಗೆ ಇಡೀ ಪ್ರಾಂತ್ಯದ ಸರ್ಕಾರ ಹೋಗಿ ಕೂರುತ್ತಿತ್ತು, ಹಾಗಾಗಿ ರೈಲು, ಕ್ಲಬ್ಬು, ಕುದುರೆ ಜೂಜು ಎಲ್ಲ ಬಂದವು. ಸ್ನೂಕರ್ ಆಟದ ನಿಯಮ ಬರೆದು ಹಾಕಿದ್ದೂ 1882ರಲ್ಲಿ ಊಟಿ ಕ್ಲಬ್ಬಿನಲ್ಲೇ. ಮಳೆ ಹಿಡಿದರೆ ಹೊರಗೆ ಹೋಗೋ ಹಾಗಿಲ್ಲ, ಸಾಹೇಬರಿಗೆ ಹೊತ್ತು ಹೋಗಬೇಕಲ್ಲ.

— ಇವತ್ತಿಗೂ ಅದೇ ಲೆಕ್ಕ ಸಾರ್. ಚಳಿ ನೋಡಿ ಮುಗಿಸಾಕೆ ಎಷ್ಟು ಹೊತ್ತು ಬೇಕು? ಅರ್ಧ ತಾಸು. ಆಮೇಲೆ? ಮಂಜು ಕವಿದ್ರೆ ದೊಡ್ಡಬೆಟ್ಟದ ಮೇಲೆ ಏನೂ ಕಾಣಲ್ಲ. 2,637 ಮೀಟರ್ ಅಂತ ಬರೆದ ಬೋರ್ಡ್ ಮುಂದೆ ಫೋಟೋ ಹೊಡ್ಕೊಂಡು ಇಳಿಯೋದೇ. ಎರಡು ದಿನ ಜನಾನ ಹಿಡಿದಿಡಬೇಕಂದ್ರೆ ಮೇಣದ ಗೊಂಬೆನೂ ಬೇಕು, ಕುದುರೆನೂ ಬೇಕು, ಚಾಕೊಲೇಟ್ ಅಂಗಡೀನೂ ಬೇಕು. ಗಾರ್ಡನ್ನಾಗೆ ಒಂದು ಕಲ್ಲಾದ ಮರದ ದಿಮ್ಮಿ ಇಟ್ಟಾರೆ, 2 ಕೋಟಿ ವರ್ಷದ್ದು. ಅದರ ಮುಂದೆ ಯಾರೂ ನಿಲ್ಲಲ್ಲ. ಪಕ್ಕದಾಗೆ ಹೂವಿನಾಗೆ ಮಾಡಿದ ನವಿಲಿದ್ರೆ ಅದರ ಮುಂದೆ ಸಾಲು.

— ನೋಡು, ನೀನೇ ಒಪ್ಪಿಕೊಂಡೆ. 2 ಕೋಟಿ ವರ್ಷದ ಮರ ಬಿಟ್ಟು ಹೂವಿನ ನವಿಲು!

— ನಿಮ್ಮ ಬಾಗಳಿ ಕಲ್ಲೇಶ್ವರ ಗುಡಿಗೂ ಕರಕೊಂಡು ಹೋಗೀನಿ ಸಾರ್. ಕುರುವತ್ತಿಗೂ. ಬಾಗಿಲ ಕಂಬದ ಮೇಲಿನ ಮದನಿಕೆ ನೋಡಿ ಎಲ್ಲಾರೂ ‘ಚಂದ ಐತೆ’ ಅಂದ್ರು. ಹತ್ತು ನಿಮಿಷಕ್ಕೆ ಮುಗೀತು. ಆಮೇಲೆ ಒಬ್ಬಾಕಿ ಮೆಲ್ಲಗೆ ಬಂದು ಕೇಳಿದ್ಲು, ‘ಅಣ್ಣಾ, ಇಲ್ಲಿ ಹೊರಗೆ ಹೋಗಾಕೆ ಎಲ್ಲಿ ಐತೆ?’ ನಾನೇನು ಹೇಳಲಿ? ಎಷ್ಟೋ ಕಡೆ ಇದೇ ಪಾಡು. ಬೆಳಗಿಂದ ನೀರು ಕುಡೀದಂಗೆ ಕೂತಿರ್ತಾರೆ ಸಾರ್, ಗೊತ್ತಾ ನಿಮಗೆ? ಟೂರಿಗೆ ಹೊಂಟ ಹೆಣ್ಮಕ್ಳು ನೀರು ಕುಡಿಯಲ್ಲ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ತೀರ್ಮಾನ ಮಾಡೋದು ಚಾಲುಕ್ಯರ ಶಿಲ್ಪ ಅಲ್ಲ, ಕಕ್ಕಸು. ಊಟಿಯಾಗೆ ಹೆಜ್ಜೆಗೊಂದು ಐತೆ, ದುಡ್ಡು ಕೊಡಬೇಕು ಅಷ್ಟೇ.

(ಮೇಷ್ಟ್ರು ಸುಮಾರು ಹೊತ್ತು ಉತ್ತರ ಕೊಡಲಿಲ್ಲ. ಶಾಲೆ ಹುಡುಗಿಯರನ್ನು ಪ್ರವಾಸಕ್ಕೆ ಕರೆದೊಯ್ದವರು ಅವರು. ಬಸ್ಸಿನಲ್ಲಿ ನೀರಿನ ಕ್ಯಾನು ತುಂಬಿದ್ದೇ ವಾಪಸು ಬರುತ್ತಿದ್ದುದು ಯಾಕೆಂದು ಈಗ ಲೆಕ್ಕ ಹಾಕುತ್ತಿದ್ದರೋ ಏನೋ.)

— ಅಂಕಸಮುದ್ರ? ಹಗರಿಬೊಮ್ಮನಹಳ್ಳಿ ಹತ್ತಿರವೇ ಇದೆ. ಕೆರೆಯೊಳಗಿನ ಜಾಲಿ ಮರದ ತುಂಬ ಬಣ್ಣದ ಕೊಕ್ಕರೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಜಗತ್ತೇ ಗುರುತಿಸಿದ ಕೆರೆ.

— ಹಕ್ಕಿ ನೋಡಬೇಕಂದ್ರೆ ಸುಮ್ಮನಿರಬೇಕು. ನಮ್ಮ ಗಾಡಿ ಹೆಣ್ಮಕ್ಳು ಸುಮ್ಮನಿರಾಕೆ ಅಂತ ಮನೆ ಬಿಟ್ಟು ಬಂದೋರಲ್ಲ. ಮನೆಯಾಗೆ ಸುಮ್ಮನಿದ್ದು ಸಾಕಾಗೇ ಬಂದಿರ್ತಾರೆ. ಹಕ್ಕಿಗಳೂ ನೆಮ್ಮದಿಯಾಗಿರಲಿ ಬಿಡ್ರಿ.

— ಉಚ್ಚಂಗಿದುರ್ಗಕ್ಕೆ ಏನು ಕೊರತೆ? ಗುಡ್ಡದ ಮೇಲೆ ಊರು, ಊರ ಮೇಲೆ ಕೋಟೆ. ಪಾಂಡ್ಯರು ಆಳಿದ್ದು, ಹೊಯ್ಸಳ ವಿಷ್ಣುವರ್ಧನ ಗೆದ್ದದ್ದು, ಆಮೇಲೆ ಇಮ್ಮಡಿ ಬಲ್ಲಾಳ ಮತ್ತೆ ಗೆದ್ದದ್ದು. ಮೇಲೆ ನಿಂತರೆ ಹರಪನಹಳ್ಳಿ ಸೀಮೆಯೆಲ್ಲ ಕಾಣುತ್ತೆ. ಗಾಳಿಯೂ ಇದೆ, ಕತೆಯೂ ಇದೆ. ನೀನು ಹೇಳೋ ಜಾತ್ರೆಯೂ ಇದೆ.

— ಉಚ್ಚಂಗೆಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ನನ್ನ ಗಾಡಿ ತಪ್ಪಿಲ್ಲ. ಆದ್ರೆ ಅಲ್ಲಿ ಹೆಣ್ಮಕ್ಳು ಏನು ಮಾಡ್ತಾರೆ ನೋಡೀರಾ? ಹಾಲಮ್ಮನ ತೋಪಿನಾಗೆ ಇಳಿದ ತಕ್ಷಣ ಮೂರು ಕಲ್ಲು ಹುಡುಕ್ತಾರೆ. ಒಲೆ ಹೂಡಬೇಕು. ನೀರು ತರಬೇಕು. ಹೋಳಿಗೆ, ಕಡುಬು, ಎಡೆ. ಬೀಗರು ಬಂದ್ರೆ ಅವರಿಗೆ ಬಡಿಸಬೇಕು. ತಲೆ ಮೇಲೆ ಬುಟ್ಟಿ ಹೊತ್ಕೊಂಡು ಗುಡ್ಡ ಹತ್ತಬೇಕು. ಉಪವಾಸ ಬೇರೆ. ಇಳಿದು ಬಂದ ಮೇಲೆ ಪಾತ್ರೆ. ಗಂಡಸರು? ಗಾಡಿ ನೆರಳಾಗೆ ಎಲೆ ಆಡ್ತಿರ್ತೀವಿ. ಮೈಲಾರ ಜಾತ್ರೆಯಾಗೂ ಇಷ್ಟೇ, ಕಾರಣಿಕ ಕೇಳೋ ಹೊತ್ತಿಗೆ ಗಂಡಸರು ಡೆಂಕನ ಮರಡಿಯಾಗೆ, ಹೆಂಗಸರು ಒಲೆ ಮುಂದೆ. ಜಾತ್ರೆ ಅಂದ್ರೆ ಅವರಿಗೆ ಇನ್ನೊಂದು ಅಡಿಗೆ ಮನೆ ಸಾರ್, ಮಾಡು ಇಲ್ಲದ್ದು. ಹರಕೆ ತೀರಿಸಿದ ಸಮಾಧಾನ ಇರ್ತೈತೆ, ಇಲ್ಲ ಅನ್ನಲ್ಲ. ಊಟಿಯಾಗೆ ಯಾವ ಹರಕೆಯೂ ಇಲ್ಲ. ಬೀಗರು ಯಾರೂ ಸಿಗಲ್ಲ. ಹೋಟೆಲಿನಾಗೆ ಕೂತ್ರೆ ಯಾರೋ ತಂದು ಬಡಿಸ್ತಾರೆ. ಸಾಂಬಾರು ಸಪ್ಪೆ ಅಂತ ಬೈತಾರೆ, ಆ ಬೈಯೋದೇ ಒಂದು ಸುಖ. ದಿನಾ ಬೈಸಿಕೊಳ್ಳೋರು ಅವರಲ್ವಾ?

— ನಮ್ಮ ಮನೇಲಿ ನಾನು ಬೈದದ್ದು ಇಲ್ಲಪ್ಪ.

— ನಿಮ್ಮ ವಿಷಯ ನಾನೆಲ್ಲಿ ಎತ್ತಿದೆ ಸಾರ್.

— ಎತ್ತಿದೆ.

— ಎತ್ತಿಲ್ಲ. ಆದ್ರೆ ಅಮ್ಮಾರು ಒಂದು ಮಾತು ಹೇಳಿದ್ರು. ಹೇಳಬ್ಯಾಡ ಅಂದಿದ್ರು, ಹೇಳ್ತೀನಿ. ಹೆಸರು ಬರೆಸುವಾಗ ಕೇಳಿದ್ರು, ಆ ಕಾಲಲ್ಲಿ ತುಳಿಯೋ ದೋಣಿ ಐತಲ್ಲ, ಅದನ್ನ ವಯಸ್ಸಾದೋರಿಗೂ ಬಿಡ್ತಾರಾ ಅಂತ.

(ಎಣ್ಣೆ ಬಾಣಲೆಯ ಸದ್ದಿನಲ್ಲಿ ಮೇಷ್ಟ್ರ ಮೊದಲ ಮಾತು ನನಗೆ ಕೇಳಲಿಲ್ಲ. ಎರಡನೆಯದು ಕೇಳಿತು.)

— ನೋಡು, ಇನ್ನೊಂದು ಅಡ್ಡಿ ಇದೆ. ಊಟಿ ಆಗಲೇ ಏದುಸಿರು ಬಿಡ್ತಿದೆ. ನೀರಿಗೆ ತತ್ವಾರ, ರಸ್ತೆ ತುಂಬ ಗಾಡಿ. ಮದ್ರಾಸ್ ಹೈಕೋರ್ಟು ಹೇಳಿ 2024ರ ಮೇ 7ರಿಂದ ಇ-ಪಾಸ್ ಇಲ್ಲದೆ ಬಿಡ್ತಿಲ್ಲ. 2025ರ ಬೇಸಿಗೆಗೆ ದಿನಕ್ಕೆ 6,000 ಗಾಡಿ, ಶನಿವಾರ ಭಾನುವಾರ 8,000, ಅಷ್ಟೇ ಅಂತ ಮಿತಿ ಹಾಕಿದರು. ನಾವೂ ಹೋಗಿ ಇನ್ನೊಂದು ಗಾಡಿ ಸೇರಿಸಬೇಕಾ?

— ಹದಿನಾರು ಜನಕ್ಕೆ ಒಂದು ಗಾಡಿ ಸಾರ್. ಬೆಂಗಳೂರಿನೋರು ಇಬ್ಬಿಬ್ಬರಿಗೆ ಒಂದೊಂದು ಕಾರು ತರ್ತಾರೆ. ಲೆಕ್ಕ ಹಾಕಿದ್ರೆ ನಮ್ಮದೇ ಕಡಿಮೆ ಪಾಪ. ಇ-ಪಾಸ್ ನಾನು ಮೊಬೈಲಿನಾಗೇ ತೆಗೀತೀನಿ, ವಾರದ ನಡುವಿನ ದಿನ ನೋಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ಚೆಕ್‌ಪೋಸ್ಟಿನಾಗೆ ಕಿತ್ಕೊಳ್ತಾರೆ, ಅದಕ್ಕೇ ಎಲ್ಲಾರಿಗೂ ತಂಬಿಗೆ ತರಾಕೆ ಹೇಳೀನಿ. ನೀವೂ ಒಂದು ತರ್ರಿ. ಸ್ವೆಟರ್ ಐತಾ?

— ಮದುವೆಯಲ್ಲಿ ಮಾವ ಹಾಕಿಸಿದ ಕೋಟಿದೆ. ಕೇಳು, ನಾನು ಬಂದರೆ ಒಂದು ಕಡೆ ಗಾಡಿ ನಿಲ್ಲಿಸಬೇಕು. ಸ್ಟೋನ್ ಹೌಸ್.

— ಅದು ನಮ್ಮ ಲಿಸ್ಟಿನಾಗೆ ಇಲ್ಲ. ಏನೈತೆ ಅಲ್ಲಿ?

— ಈಗ ಸರ್ಕಾರಿ ಕಲಾ ಕಾಲೇಜು. ನಾನು ಹೇಳಿದ ಕಾಗದ ಹೋಗಿ ಕೂರುತ್ತಿದ್ದ ಸೆಕ್ರೆಟೇರಿಯಟ್ ಎದ್ದದ್ದು ಅಲ್ಲೇ. ಒಂದು ಸಲ ಹೊರಗಿನಿಂದಾದರೂ ನೋಡಬೇಕು.

— ಟಿಕೆಟ್ ಐತಾ?

— ಇಲ್ಲ.

— ಹಂಗಾದ್ರೆ ಹೆಣ್ಮಕ್ಳು ಇಳಿಯಲ್ಲ ಸಾರ್. ಟಿಕೆಟ್ ಇಲ್ಲದ ಕಡೆ ನೋಡಾಕೆ ಏನೂ ಇರಲ್ಲ ಅಂತ ಅವರಿಗೆ ಗೊತ್ತು. ಒಂದು ಕೆಲಸ ಮಾಡೋಣ. ಅವರು ಚಾಕೊಲೇಟ್, ವರ್ಕಿ, ನೀಲಗಿರಿ ಎಣ್ಣೆ ಅಂತ ಅಂಗಡಿ ಹೊಕ್ಕಿರ್ತಾರಲ್ಲ, ಆಗ ಆಟೋ ಹಿಡಿದು ನೀವು ಹೋಗಿ ಬರ್ರಿ. ಒಂದು ತಾಸು ಕೊಡ್ತೀನಿ.

— ಒಂದು ತಾಸು ಯಾವ ಮೂಲೆಗೆ? ಒಂದೂವರೆ ಕೊಡು.

— ಒಂದೂವರೆ ಕೊಟ್ರೆ ದೊಡ್ಡಬೆಟ್ಟ ಬಿಡಬೇಕಾಗ್ತೈತೆ.

— ಬಿಡು. ಮಂಜಿನಲ್ಲಿ ಏನೂ ಕಾಣಲ್ಲ ಅಂತ ನೀನೇ ಹೇಳಿದೆಯಲ್ಲ.

— ನಾನು ಬಿಡ್ತೀನಿ. ಆದ್ರೆ ಆ ಮಾತು ಹೆಣ್ಮಕ್ಳಿಗೆ ಹೇಳೋರು ನೀವು. ಮೊದ್ಲು ಅಮ್ಮಾರಿಗೆ ಹೇಳಿ ನೋಡ್ರಿ, ಏನಂತಾರೆ ಅಂತ ರಾತ್ರಿ ಫೋನ್ ಮಾಡ್ರಿ. ಆಮೇಲೆ ಅಡ್ವಾನ್ಸ್ ಮಾತಾಡೋಣ.